ಕಬ್ಬಿಣವಿಲ್ಲದ ನಿಕ್ಕಲ್

ಗಾಜಿನ ಸೆಲ್ಲನ್ನು ಬಿಂಬುಳಿ ಎಂಬ ಹುಳಿಕಾಯಿಯ ರಸದಲ್ಲಿ ತೊಳೆಯೋಣ ಎಂದು ಮೊದಲು ಹೇಳಿದವರು ಯಾರು ಎಂಬುದು ನನಗೆ ಈಗ ಖಚಿತವಿಲ್ಲ. ನನ್ನ ಸಂಶೋಧನಾ ವಿದ್ಯಾರ್ಥಿನಿ ಹೇಳಿದಳು, ನಾನು ಒಪ್ಪಿದೆ ಎಂದು ಬಹಳ ಕಾಲ ನಂಬಿಕೊಂಡಿದ್ದೆ. ಒಮ್ಮೊಮ್ಮೆ ಅದು ತಿರುಗುಮುರುಗಾಗಿ ಕಾಣುತ್ತದೆ: ನಾನೇ ನಮ್ಮ ಹಿತ್ತಲಿನ ಮರದ ಮಾತು ತೆಗೆದೆ, ಅವಳು ಮರುದಿನ ಕೆರಾಡಿಯ ತನ್ನ ಮನೆಯಿಂದ ಒಂದು ಚೀಲ ಕಾಯಿ ತಂದಳು. ನನಗೆ ದಿನಚರಿ ಬರೆಯುವ ಅಭ್ಯಾಸವಿದೆ. ಆ ವಾರದ ಪುಟಗಳಲ್ಲಿ ಬಿಂಬುಳಿಯ ಸುದ್ದಿಯೇ ಇಲ್ಲ. ಪ್ರಯೋಗಾಲಯದ ಹೊಗೆಪೆಟ್ಟಿಗೆಯ ಮೋಟಾರು ಕೆಟ್ಟದ್ದು ಇದೆ, ಬ್ರಹ್ಮಾವರದಲ್ಲಿ ಬಸ್ಸು ತಪ್ಪಿದ್ದು ಇದೆ. ಮುಂದೆ ಯಾವುದು ಮುಖ್ಯವಾಗುತ್ತದೆ ಎಂದು ಬರೆಯುವ ದಿನ ಗೊತ್ತಿರುವುದಿಲ್ಲ. ಆದ್ದರಿಂದ ಇಲ್ಲಿ ಹೇಳುವುದರಲ್ಲಿ ಕೆಲಸದ ಕ್ರಮವನ್ನು ನಂಬಬಹುದು. ಯಾರು ಯಾವ ಧ್ವನಿಯಲ್ಲಿ ಏನೆಂದರು ಎಂಬುದನ್ನು ಸ್ವಲ್ಪ ಅನುಮಾನದಿಂದಲೇ ಓದಬೇಕು.

ಕುಂದಾಪುರದ ಒಂದು ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತೇನೆ. ಸಂಶೋಧನಾ ಕೇಂದ್ರ ಎಂಬ ಫಲಕವಿರುವ ಎರಡು ಕೋಣೆಗಳು ಅಲ್ಲಿವೆ. ನಮ್ಮ ಕೆಲಸ ನೀರನ್ನು ವಿದ್ಯುತ್ತಿನಿಂದ ಒಡೆದು ಹೈಡ್ರೋಜನ್ ಪಡೆಯುವುದಕ್ಕೆ ಸಂಬಂಧಿಸಿದ್ದು. ಸೆಲ್ ಎಂಬ ಪಾತ್ರೆಯಲ್ಲಿ ಕ್ಷಾರದ ದ್ರಾವಣ ತುಂಬಿ, ಎರಡು ವಿದ್ಯುದಗ್ರಗಳನ್ನು ಇಳಿಸಿ ವಿದ್ಯುತ್ ಹರಿಸಿದರೆ ಒಂದರಲ್ಲಿ ಹೈಡ್ರೋಜನ್, ಇನ್ನೊಂದರಲ್ಲಿ ಆಮ್ಲಜನಕ ಬರುತ್ತದೆ. ಆಮ್ಲಜನಕದ ಕಡೆಯ ಕ್ರಿಯೆ ಮಂದ. ಲೆಕ್ಕಕ್ಕಿಂತ ಹೆಚ್ಚು ವೋಲ್ಟೇಜ್ ಕೊಟ್ಟರೆ ಮಾತ್ರ ಅದು ಏಳುತ್ತದೆ. ಆ ಹೆಚ್ಚುವರಿಯನ್ನು ಇಳಿಸಲು ವಿದ್ಯುದಗ್ರದ ಮೇಲೆ ಬಳಿಯುವ ವಸ್ತುವೇ ವೇಗವರ್ಧಕ. ಇರಿಡಿಯಂ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಅದು ಸಿಗುವುದು ಕಷ್ಟ. ನಿಕ್ಕಲ್ ಸುಲಭವಾಗಿ ಸಿಗುತ್ತದೆ, ಆದರೆ ಶುದ್ಧವಾಗಿದ್ದಾಗ ಅಷ್ಟೇನೂ ಚುರುಕಿಲ್ಲ. ಅದಕ್ಕೆ ಒಂದು ಚೂರು ಕಬ್ಬಿಣ ಸೇರಿತೋ, ಬೇರೆಯೇ ವಸ್ತುವಿನಂತೆ ಕೆಲಸಕ್ಕೆ ಇಳಿಯುತ್ತದೆ. ಇದು ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಹಾಗಾಗಿ ಯಾರಾದರೂ ನಿಕ್ಕಲ್‌ನಲ್ಲಿ ಹೊಸ ಚುರುಕು ಕಂಡೆವು ಎಂದರೆ ಕೇಳುವವರ ಮೊದಲ ಪ್ರಶ್ನೆ, ಕಬ್ಬಿಣ ಎಲ್ಲಿಂದಾದರೂ ಬಂದಿದೆಯೇ ಎಂಬುದು.

ನಮಗೆ ಸಿಕ್ಕಿದ್ದು ಕಬ್ಬಿಣವಿಲ್ಲದೆ ಬಂದ ಚುರುಕು. ಹಾಗೆಂದು ತಿಳಿದಿದ್ದೆವು. ಕೋಡಿಯ ಕಡಲ ದಂಡೆಯಲ್ಲಿ ಆರಿಸಿ ತಂದ ಚಿಪ್ಪುಗಳನ್ನು ಸುಟ್ಟು, ಅವುಗಳ ಕ್ಯಾಲ್ಸಿಯಮ್ಮನ್ನು ನಿಕ್ಕಲ್ ಹೈಡ್ರಾಕ್ಸೈಡ್‌ನ ಪದರಗಳ ನಡುವೆ ಸೇರಿಸುವುದು ನಮ್ಮ ವಿಧಾನವಾಗಿತ್ತು. ಚಿಪ್ಪು ಸುಟ್ಟ ವಾಸನೆ ಕಾರಿಡಾರಿನ ಕೊನೆಯವರೆಗೆ ಹೋಗುತ್ತಿತ್ತು. ವಿಭಾಗದ ಮುಖ್ಯಸ್ಥರು, ನಿವೃತ್ತಿಯ ಹತ್ತಿರ ಇದ್ದವರು, ಬಾಗಿಲಲ್ಲಿ ನಿಂತು ಇಣುಕಿ, "ಅಡ್ಡಿಲ್ಲೆ ಮೇಡಂ, ಹೈಡ್ರೋಜನ್ ಬರ್ದಿದ್ರೂ ಎಲೆಗೆ ಹಚ್ಚುಕೆ ಸುಣ್ಣ ಆಯ್ತಲೆ" ಎನ್ನುತ್ತಿದ್ದರು. ವಿದ್ಯಾರ್ಥಿನಿ ನಗುತ್ತಿರಲಿಲ್ಲ. ಅವಳಿಗೆ ಆ ಪುಡಿಯ ಬಗ್ಗೆ ತಮಾಷೆ ಹಿಡಿಸುತ್ತಿರಲಿಲ್ಲ.

ಕಬ್ಬಿಣವನ್ನು ದೂರ ಇಡಲು ನಾವು ಮಾಡದ ಕೆಲಸವಿಲ್ಲ ಎಂದು ಆಗ ಅನ್ನಿಸಿತ್ತು. ಮಾರುಕಟ್ಟೆಯಲ್ಲಿ ಸಿಗುವ ಶುದ್ಧ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲೂ ಕಬ್ಬಿಣದ ಸೋಂಕು ಇರುತ್ತದೆ. ಅದರ ದ್ರಾವಣಕ್ಕೆ ಹೊಸದಾಗಿ ತಯಾರಿಸಿದ ನಿಕ್ಕಲ್ ಹೈಡ್ರಾಕ್ಸೈಡ್ ಹಾಕಿ ಕುಲುಕಿದರೆ ಅದು ಕಬ್ಬಿಣವನ್ನು ಹೀರಿಕೊಂಡು ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ತೆಗೆದಿಡಬೇಕು. ಅವಳು ಇದನ್ನು ಪ್ರತಿ ಸಲ ಮಾಡುತ್ತಿದ್ದಳು. ಶುದ್ಧ ಮಾಡಿದ ಕ್ಷಾರವನ್ನೂ ನಮ್ಮ ಪುಡಿಯನ್ನೂ ಬೇರೆ ಊರಿನ ಉಪಕರಣಕ್ಕೆ ಕಳಿಸಿ ಅಳತೆ ಮಾಡಿಸಿದೆವು. ಎರಡರಲ್ಲೂ ಹೇಳಿಕೊಳ್ಳುವಷ್ಟು ಕಬ್ಬಿಣ ಇರಲಿಲ್ಲ.

ಹೋಲಿಕೆಗೆ ಬರೀ ನಿಕ್ಕಲ್‌ನ ಅಳತೆ ಬೇಕಲ್ಲ, ಅದನ್ನು ಮಳೆಗಾಲದಲ್ಲೇ ಮುಗಿಸಿಕೊಂಡಿದ್ದೆವು. ಆಗ ಕಾಲೇಜಿನ ಬಾವಿಯಲ್ಲಿ ತಿಳಿನೀರು, ಬಟ್ಟಿ ಇಳಿಸಿದ ನೀರಿಗೂ ಬರವಿಲ್ಲ. ಕ್ಯಾಲ್ಸಿಯಂ ಸೇರಿಸಿದ ಮಾದರಿಗಳ ಸರದಿ ಬಂದದ್ದು ಬೇಸಗೆಯಲ್ಲಿ. ಮಾರ್ಚ್ ಕಳೆದರೆ ನಮ್ಮಲ್ಲಿ ಬಾವಿ ನೀರು ಉಪ್ಪಾಗುತ್ತದೆ, ಬೋರಿನ ನೀರೇ ಗತಿ, ಮತ್ತು ಆ ನೀರು ಕೆಂಪು. ಗಾಜಿನ ಪಾತ್ರೆಗಳನ್ನು ಮೊದಲು ಅದರಲ್ಲಿ ಗಲಬರಿಸಿ ಕೊನೆಯಲ್ಲಿ ಮಾತ್ರ ಬಟ್ಟಿ ನೀರು ಬಳಸುತ್ತಿದ್ದೆವು. ಕೆಲವೇ ವಾರಗಳಲ್ಲಿ ಸೆಲ್ಲಿನ ಗೋಡೆಗೆ ಕಂದು ಬಣ್ಣದ ತೆಳು ಪೊರೆ ಹಿಡಿಯಿತು. ಅದನ್ನು ತೆಗೆಯಲು ಕಾದ ಗಾಢ ಆಮ್ಲ ಬೇಕು. ಆಮ್ಲ ಕಾಯಿಸಲು ಅದರ ಆವಿಯನ್ನು ಹೊರಗೆ ಎಳೆಯುವ ಹೊಗೆಪೆಟ್ಟಿಗೆ ಬೇಕು. ಅದರ ಮೋಟಾರು ಕಡಲ ಗಾಳಿಗೆ ತುಕ್ಕು ಹಿಡಿದು ನಿಂತಿತ್ತು.

ನಮ್ಮ ಕಡೆ ಕಂಚಿನ ದೀಪ, ತಾಮ್ರದ ಹಂಡೆ, ಬೋರು ನೀರಿನ ಕಲೆ ಕೂತ ಸ್ಟೀಲ್ ಕೊಡ, ಎಲ್ಲಕ್ಕೂ ಬಿಂಬುಳಿಯೇ. ಕಾಯಿಯನ್ನು ಜಜ್ಜಿ ಉಜ್ಜಿದರೆ ಕಲೆ ಕರಗಿ ಹೋಗುತ್ತದೆ. ಅದರಲ್ಲಿರುವ ಆಕ್ಸಾಲಿಕ್ ಆಮ್ಲ ತುಕ್ಕನ್ನು ಹಿಡಿದು ನೀರಿಗೆ ಇಳಿಸುತ್ತದೆ ಎಂಬ ರಸಾಯನಶಾಸ್ತ್ರವೂ ನಮ್ಮಿಬ್ಬರಿಗೆ ಗೊತ್ತಿತ್ತು. ಬಹುಶಃ ಅದೇ ನಮ್ಮನ್ನು ಮೈಮರೆಸಿತು. ಮನೆಯ ಅಭ್ಯಾಸಕ್ಕೆ ಪಠ್ಯಪುಸ್ತಕದ ಆಧಾರವೂ ಸಿಕ್ಕಿದಾಗ ಮನುಷ್ಯ ಇನ್ನೊಮ್ಮೆ ಯೋಚಿಸುವುದಿಲ್ಲ. ಸೋಸಿದ ರಸವನ್ನು ಸೆಲ್ಲಿಗೆ ತುಂಬಿ ಒಂದು ಹಗಲು ಬಿಟ್ಟರೆ ಗಾಜು ಕನ್ನಡಿಯಂತೆ ಹೊಳೆಯುತ್ತಿತ್ತು. ಆಮೇಲೆ ಬಟ್ಟಿ ನೀರಿನಲ್ಲಿ ತೊಳೆದು ಅಳತೆಗೆ ತೆಗೆದುಕೊಳ್ಳುವುದು. ಪ್ರಯೋಗಾಲಯಕ್ಕೆ ಬಂದವರಿಗೆಲ್ಲ ನಾನು ಇದನ್ನು ಹೆಮ್ಮೆಯಿಂದ ತೋರಿಸಿದ್ದು ನೆನಪಿದೆ.

ಎಷ್ಟು ವೋಲ್ಟೇಜಿಗೆ ಎಷ್ಟು ವಿದ್ಯುತ್ ಹರಿಯಿತು ಎಂದು ತೋರಿಸುವ ವಕ್ರರೇಖೆಗಳು ಆ ಬೇಸಗೆಯಲ್ಲಿ ಬಹಳ ಚೆನ್ನಾಗಿ ಬಂದವು. ಕ್ಯಾಲ್ಸಿಯಂ ಸೇರಿದ ನಿಕ್ಕಲ್, ಕಬ್ಬಿಣ ಸೇರಿದ ನಿಕ್ಕಲ್‌ಗೆ ಸರಿಸಮವಾಗಿ ನಿಂತಿತು. ದಿನ ಕಳೆದಂತೆ ಇನ್ನಷ್ಟು ಚುರುಕಾಯಿತು. ಪದರಗಳು ಹೊಂದಿಕೊಳ್ಳುತ್ತಿವೆ ಎಂದು ಅದಕ್ಕೊಂದು ವಿವರಣೆ ಬರೆದೆವು. ಪ್ರಬಂಧ ಕಳಿಸಿದ ಪತ್ರಿಕೆಯ ವಿಮರ್ಶಕರು ಕಬ್ಬಿಣದ ಪ್ರಶ್ನೆ ಕೇಳಿದರು, ನಾವು ಅಳತೆಗಳನ್ನು ತೋರಿಸಿದೆವು, ಅವರು ಒಪ್ಪಿದರು. ಪ್ರಬಂಧ ಪ್ರಕಟವಾಯಿತು. ಅವಳ ಹೆಸರು ಮೊದಲು, ನನ್ನದು ನಂತರ.

ಆ ಪ್ರಬಂಧ ಅವಳಿಗೆ ಏನಾಗಿತ್ತು ಎಂಬುದನ್ನು ಇಲ್ಲೇ ಹೇಳಬೇಕು. ನಮ್ಮ ನಿಯಮದ ಪ್ರಕಾರ ಪ್ರಕಟವಾದ ಪ್ರಬಂಧವಿಲ್ಲದೆ ಮಹಾಪ್ರಬಂಧ ಸಲ್ಲಿಸುವಂತಿಲ್ಲ. ಅವಳ ನೋಂದಣಿಯ ಅವಧಿಯನ್ನು ಒಮ್ಮೆ ವಿಸ್ತರಿಸಿ ಆಗಿತ್ತು, ಮತ್ತೆ ವಿಸ್ತರಿಸಲು ಅವಕಾಶವಿರಲಿಲ್ಲ. ಬರುವ ಬೇಸಗೆಯೊಳಗೆ ಸಲ್ಲಿಸಿದರೆ ಪದವಿ, ಇಲ್ಲವಾದರೆ ಇಷ್ಟು ವರ್ಷ ಕೆರಾಡಿಯಿಂದ ಮೊದಲ ಬಸ್ಸು ಹಿಡಿದು ಬಂದದ್ದಕ್ಕೆ ಒಂದು ಕಾಗದವೂ ಇಲ್ಲ. ಅವಳು ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ಮೊದಲನೆಯವಳು. ಈ ಒಂದೇ ಪ್ರಬಂಧದ ಮೇಲೆ ಅವಳ ನಾಲ್ಕು ಅಧ್ಯಾಯಗಳು ನಿಂತಿದ್ದವು.

ಪ್ರಕಟವಾದ ಕೆಲವು ವಾರಗಳಿಗೆ ಬೆಂಗಳೂರಿನಿಂದ ನನ್ನ ಹಳೆಯ ಸಹಪಾಠಿಯ ಫೋನು ಬಂತು. ಅವಳ ಪ್ರಯೋಗಾಲಯ ದೊಡ್ಡದು. ನಮ್ಮ ಪುಡಿಯನ್ನು ತಮ್ಮ ಉಪಕರಣದಲ್ಲಿ ಹಾಕಿ ನೋಡುತ್ತೇನೆಂದು ತರಿಸಿಕೊಂಡಿದ್ದಳು. ಮೊದಲು ಮನೆಯವರ ಆರೋಗ್ಯ ವಿಚಾರಿಸಿದಳು, ಕರಾವಳಿಯ ಸೆಖೆ ವಿಚಾರಿಸಿದಳು, ಆಮೇಲೆ ನಮ್ಮಲ್ಲಿ ಆ ಚುರುಕು ಬರುತ್ತಿಲ್ಲ ಎಂದಳು. ಬರೀ ನಿಕ್ಕಲ್‌ನಷ್ಟೇ ಬರುತ್ತಿದೆ, ನಾವೇ ಎಲ್ಲೋ ತಪ್ಪಿರಬೇಕು, ಇನ್ನೊಂದು ಸಲ ಕಳಿಸುತ್ತೀಯಾ ಎಂದು ಕೇಳಿದಳು. ಆ ಸೌಜನ್ಯ ನನಗೆ ಇಷ್ಟವಾಗಲಿಲ್ಲ.

ವಿದ್ಯಾರ್ಥಿನಿಗೆ ಹೇಳಿದಾಗ ಅವಳು ತಲೆ ಎತ್ತಲೂ ಇಲ್ಲ. "ಅವ್ರ್ ಸಮ ಬಳಿಲಿಲ್ಲೆ ಅಂದ್ ಕಾಣತ್ತ್ ಮೇಡಂ. ದಪ್ಪ ಆರೆ ಬತ್ತಿಲ್ಲೆ" ಎಂದಳು. ಹೊಸ ಪುಡಿ ಮಾಡಿ, ಬಳಿಯುವ ವಿಧಾನವನ್ನು ಹಂತಹಂತವಾಗಿ ಬರೆದು ಕಳಿಸಿದೆವು. ಮತ್ತೆ ಅದೇ ಉತ್ತರ ಬಂತು.

ಅಲ್ಲಿಂದ ನಾವು ಒಂದೊಂದನ್ನೇ ಬದಲಿಸುತ್ತ ಹೋದೆವು. ಬೆಂಗಳೂರಿನಿಂದ ಅವರದೇ ಕ್ಷಾರ ತರಿಸಿ ನಮ್ಮಲ್ಲಿ ಹಾಕಿದೆವು: ಚುರುಕು ಬಂತು. ಅವರು ಬಳಿದ ವಿದ್ಯುದಗ್ರವನ್ನೇ ತರಿಸಿದೆವು. ಮೊದಲ ಅಳತೆಯಲ್ಲಿ ಮಂದವಾಗಿತ್ತು. ನಮ್ಮ ಸೆಲ್ಲಿನಲ್ಲಿ ಎರಡು ದಿನ ಓಡಿಸಿದ ಮೇಲೆ ಚುರುಕಾಯಿತು. ವಿದ್ಯಾರ್ಥಿನಿಗೆ ಅದರಿಂದ ಖುಷಿಯಾಯಿತು, ಅವರಿಗೆ ತಾಳ್ಮೆ ಇಲ್ಲ, ಅಷ್ಟೇ ಎಂದಳು. ನನ್ನನ್ನು ಕಾಡಿದ್ದು ಆ ಎರಡು ದಿನಗಳೇ. ಪದರ ಹೊಂದಿಕೊಳ್ಳುವುದಾದರೆ ಅಲ್ಲಿಯೂ ಹೊಂದಿಕೊಳ್ಳಬೇಕಿತ್ತು. ನಮ್ಮಲ್ಲಿ ಮಾತ್ರ ಏನೋ ಬಂದು ಸೇರುತ್ತಿದೆ ಎಂದು ಆಗಲೇ ನನಗೆ ಹೊಳೆದಿತ್ತೇ? ಹೊಳೆದಿತ್ತು ಎಂದು ಈಗ ಅನ್ನಿಸುತ್ತದೆ. ಎಲ್ಲ ಮುಗಿದ ಮೇಲೆ ಹೀಗೆ ಅನ್ನಿಸುವುದನ್ನು ನಾನು ನಂಬುವುದಿಲ್ಲ. ಆ ವಾರ ನಾನು ಅವಳ ಮೂರನೆಯ ಅಧ್ಯಾಯವನ್ನು ತಿದ್ದುತ್ತಿದ್ದೆ ಎಂಬುದಂತೂ ನಿಜ.

ಸೆಲ್ಲನ್ನೇ ಬಿಟ್ಟು ನೋಡುವ ಮಾತು ಅವಳದ್ದು. ಇದರಲ್ಲಿ ನನಗೆ ಅನುಮಾನವಿಲ್ಲ. ಒಂದು ಬೆಳಿಗ್ಗೆ ಬಂದವಳು ಚೀಲವನ್ನೂ ಇಳಿಸದೆ ನನ್ನ ಮೇಜಿನ ಬಳಿ ನಿಂತಳು.

"ಈ ಸೆಲ್ಲೇ ಬ್ಯಾಡ ಮೇಡಂ. ಪ್ಲಾಸ್ಟಿಕ್ ಡಬ್ಬಿಯಂಗೆ ಒಂದ್ಸಲ ಮಾಡಿ ಕಾಂಬ."

ಎಂತಕ್ಕೆ ಎಂದೆ.

"ಅವ್ರದ್ದ್ ಪ್ಲಾಸ್ಟಿಕ್. ನಮ್ದ್ ಗಾಜ್. ಬೇರೆ ಎಲ್ಲ ಬದ್ಲ್ ಮಾಡಿ ಆಯ್ತಲೆ."

ಹೊಸ ಡಬ್ಬಿ ತಂದು, ಮುಚ್ಚಳಕ್ಕೆ ತೂತು ಕೊರೆದು, ಅಳತೆಯ ಆಧಾರಕ್ಕೊಂದು ಸೇರಿ ಮೂರು ವಿದ್ಯುದಗ್ರಗಳನ್ನು ಇಳಿಸಿದಳು. ಅದೇ ಪುಡಿ, ಅದೇ ಕ್ಷಾರ, ಅದೇ ಕೈ. ಪರದೆಯ ಮೇಲೆ ರೇಖೆ ಏಳಬೇಕಾದಲ್ಲಿ ಏಳಲಿಲ್ಲ. ತಂತಿಯ ಕ್ಲಿಪ್ಪು ಸಡಿಲವಾಗಿದೆ ಎಂದು ನಾನು ಹೇಳಿದೆ. ಅವಳು ಬಿಗಿ ಮಾಡಿದಳು. ಎರಡು ದಿನ ಓಡಿಸಿದೆವು, ರೇಖೆ ಇದ್ದಲ್ಲೇ ಇತ್ತು. ಹೊಸದಾಗಿ ಬಳಿದು ಮತ್ತೆ ಎರಡು ದಿನ ಓಡಿಸಿದರೂ ಬದಲಾಗಲಿಲ್ಲ. ಬರೀ ನಿಕ್ಕಲ್ ಎಲ್ಲಿರುತ್ತದೋ ಅಲ್ಲಿ, ಅದರ ಪಕ್ಕದಲ್ಲೇ ನಮ್ಮ ಕೋಡಿಯ ಚಿಪ್ಪಿನ ನಿಕ್ಕಲ್ ಇತ್ತು.

ಆಮೇಲೆ ಉಳಿದಿದ್ದದ್ದು ಅದರ ತಿರುಗುಮುರುಗು ಪರೀಕ್ಷೆ. ಕ್ಯಾಲ್ಸಿಯಂ ಇಲ್ಲದ ಬರೀ ನಿಕ್ಕಲನ್ನು ನಮ್ಮ ಗಾಜಿನ ಸೆಲ್ಲಿನಲ್ಲಿ ಇಡಬೇಕು. ಬೇಸಗೆಯಲ್ಲಿ ಇದನ್ನೊಂದು ಸಲ ಮಾಡಿದ್ದರೆ ಪ್ರಬಂಧ ಬರೆಯುತ್ತಲೇ ಇರಲಿಲ್ಲ. ಮಳೆಗಾಲದ ಅಳತೆ ಇದೆಯಲ್ಲ ಎಂದು ಬಿಟ್ಟಿದ್ದೆವು. ಆ ಮಳೆಗಾಲದಲ್ಲಿ ಸೆಲ್ಲಿಗೆ ಬಿಂಬುಳಿ ಮುಟ್ಟಿರಲಿಲ್ಲ. ಈಗ ಇಟ್ಟೆವು. ಮರುದಿನ ಮಧ್ಯಾಹ್ನಕ್ಕೆ ಬರೀ ನಿಕ್ಕಲ್ ನಮ್ಮ ಪ್ರಕಟಿತ ರೇಖೆಯ ಮೇಲೆ ಹೋಗಿ ಕೂತಿತು.

ನಮ್ಮ ಸೆಲ್ಲಿಗೆ ಎರಡು ಕೋಣೆಗಳು. ನಡುವೆ ಗಾಜಿನ ಪುಡಿಯನ್ನು ಒತ್ತಿ ಬೇಯಿಸಿದ ಒಂದು ಬಿಲ್ಲೆ, ಅದರ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ಅದನ್ನು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಹಾಕಿ, ಆ ಆಮ್ಲವನ್ನು ಪ್ರನಾಳದಲ್ಲಿ ತೆಗೆದುಕೊಂಡು ಥಯೋಸಯನೇಟ್ ಹನಿಸಿದಳು. ಮೊದಲ ವರ್ಷದ ಮಕ್ಕಳಿಗೆ ನಾನು ಪ್ರತಿವರ್ಷ ತೋರಿಸುವ ಪರೀಕ್ಷೆ ಇದು. ಕಬ್ಬಿಣ ಇದ್ದರೆ ದ್ರಾವಣ ರಕ್ತದಂತೆ ಕೆಂಪಾಗುತ್ತದೆ. ಪಕ್ಕದ ಪ್ರನಾಳದಲ್ಲಿ ಬರೀ ಆಮ್ಲ ಇಟ್ಟುಕೊಂಡಿದ್ದಳು, ಅದು ನೀರಿನಂತೆ ಉಳಿಯಿತು. ಬಿಲ್ಲೆಯದ್ದು ಕೆಂಪಾಯಿತು. ಅವಳು ಅದನ್ನು ಬೆಳಕಿಗೆ ಹಿಡಿಯಲಿಲ್ಲ, ಹಿಡಿಯುವ ಅಗತ್ಯವೂ ಇರಲಿಲ್ಲ. ಸ್ಟ್ಯಾಂಡಿನಲ್ಲಿ ಇಟ್ಟು ಕೈ ತೊಳೆಯಲು ಹೋದಳು. ನೀರಿನ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ನಡೆದದ್ದು ಇಷ್ಟು. ಬಿಂಬುಳಿ ರಸ, ಬೋರು ನೀರಿನಿಂದ ಗೋಡೆಗೆ ಹಿಡಿದಿದ್ದ ತುಕ್ಕನ್ನು ಕರಗಿಸಿ ತೆಗೆಯಿತು, ಅದು ನಿಜ. ಕರಗಿದ ತುಕ್ಕು ರಸದ ಜೊತೆಗೇ ಬಿಲ್ಲೆಯ ರಂಧ್ರಗಳಿಗೆ ಇಳಿಯಿತು. ಬಟ್ಟಿ ನೀರಿಗೆ ಬರ ಇದ್ದ ಕಾಲದಲ್ಲಿ ನಾವು ಎರೆದ ನೀರು ಅಲ್ಲಿಯವರೆಗೆ ಹೋಗುತ್ತಿರಲಿಲ್ಲ. ಆಮೇಲೆ ಕ್ಷಾರ ತುಂಬಿದ ಕೂಡಲೇ ಆ ಕಬ್ಬಿಣ ರಂಧ್ರಗಳೊಳಗೇ ಗಟ್ಟಿಯಾಗಿ ಕೂತು, ಪ್ರತಿ ಪ್ರಯೋಗಕ್ಕೂ ಚೂರುಚೂರಾಗಿ ದ್ರಾವಣಕ್ಕೆ ಬಿಟ್ಟುಕೊಟ್ಟಿತು. ನಿಕ್ಕಲ್ ಅದನ್ನು ಹೀರಿಕೊಂಡಿತು. ಕ್ಷಾರವನ್ನು ಅಳತೆಗೆ ಕಳಿಸಿದ್ದು ಪ್ರಯೋಗಕ್ಕೆ ಮೊದಲು. ಪ್ರಯೋಗ ಮುಗಿದ ಮೇಲಿನ ಕ್ಷಾರವನ್ನು ನಾವು ಚೆಲ್ಲುತ್ತಿದ್ದೆವು. ಕಬ್ಬಿಣ ತೆಗೆಯಲು ಮಾಡಿದ ಕೆಲಸದಿಂದಲೇ ಕಬ್ಬಿಣ ಬಂದಿತ್ತು.

ಮುಖ್ಯಸ್ಥರಿಗೆ ತಿಳಿಸಿದೆ. ಅವರು ತಮಾಷೆ ಮಾಡುತ್ತಾರೆಂದು ಅಂದುಕೊಂಡಿದ್ದೆ, ಮಾಡಲಿಲ್ಲ. ಬಾಗಿಲು ಎಳೆದುಕೊಂಡು ಕೂತರು.

"ಹ್ವಾಯ್ ಮೇಡಂ, ಯಾರ್ ಕಾಂತ್ರ್? ಲೋಕದಗೆ ದಿನಾ ಸಾವ್ರ ಪೇಪರ್ ಬತ್ತ್. ನಮ್ದೊಂದ್ ಮೂಲಿಯಂಗೆ ಬಿದ್ಕಂಡಿರ್ಲಿ."

ಬೆಂಗಳೂರಿನವರಿಗೆ ಗೊತ್ತಾಗಿದೆ ಎಂದೆ.

"ಅವ್ರ್ ನಿಮ್ ದೋಸ್ತಿ ಅಲ್ದಾ? ಹೇಳುದಿಲ್ಲೆ. ಆ ಹೆಣ್ಣಿಗೆ ಒಂದ್ ಡಿಗ್ರಿ ಆಯ್ಲಿ, ಮತ್ತೆ ನೀವ್ ಎಷ್ಟ್ ಬೇಕಾರೂ ಸತ್ಯ ಹೇಳಿ. ನಿಮ್ ಸತ್ಯ ಎಲ್ಲಿಗೂ ಓಡಿ ಹೋತಿಲ್ಲೆ."

ಅವರ ಮಾತು ಕೆಟ್ಟ ಮನುಷ್ಯನ ಮಾತಾಗಿರಲಿಲ್ಲ. ಅವಳ ಮೇಲಿನ ಕರುಣೆಯಿಂದಲೇ ಹೇಳಿದ್ದರು. ನಾನು ಅದನ್ನು ಕೆಲವು ದಿನ ಜೊತೆಯಲ್ಲಿ ಇಟ್ಟುಕೊಂಡು ತಿರುಗಾಡಿದೆ. ಬಸ್ಸಿನಲ್ಲಿ ಬ್ರಹ್ಮಾವರದಿಂದ ಕುಂದಾಪುರಕ್ಕೆ ಹೋಗುವಾಗ ಅದು ಸರಿ ಎನ್ನಿಸುತ್ತಿತ್ತು. ಸಲ್ಲಿಸಲಿ, ಪದವಿ ಬರಲಿ, ಆಮೇಲೆ ಹಿಂತೆಗೆದುಕೊಳ್ಳೋಣ. ಹಾಗೆ ಮಾಡಿದರೆ ಪದವಿಯ ಮೇಲೂ ಕಲೆ ಬರುತ್ತದೆ, ಅದನ್ನು ಅವಳು ಜೀವನವಿಡೀ ಹೊತ್ತುಕೊಳ್ಳಬೇಕು ಎಂಬ ವಾದವೂ ಇತ್ತು. ಆದರೆ ಅದನ್ನು ನಾನು ನನ್ನ ಸಮಾಧಾನಕ್ಕೆ ಕಟ್ಟಿಕೊಂಡೆನೋ ಏನೋ.

ಕೊನೆಗೆ ನನ್ನನ್ನು ಒಂದು ಕಡೆಗೆ ತಳ್ಳಿದ್ದು ಒಂದು ಇ-ಮೇಲ್. ಉತ್ತರದ ಯಾವುದೋ ಊರಿನ ಒಬ್ಬ ಸಂಶೋಧನಾ ವಿದ್ಯಾರ್ಥಿ ಬರೆದಿದ್ದ. ನಮ್ಮ ಪ್ರಬಂಧ ಓದಿ ಅದೇ ವಸ್ತುವನ್ನು ತನ್ನ ವಿಷಯವಾಗಿ ಆರಿಸಿಕೊಂಡಿದ್ದಾನೆ, ಕೆಲವು ತಿಂಗಳಿಂದ ಪ್ರಯತ್ನಿಸುತ್ತಿದ್ದಾನೆ, ಬರುತ್ತಿಲ್ಲ, ತನ್ನ ಕೈಯಲ್ಲೇ ದೋಷವಿರಬೇಕು, ದಯವಿಟ್ಟು ಮಾರ್ಗದರ್ಶನ ಮಾಡಬೇಕು ಎಂದು. ಅದನ್ನು ಎರಡು ಸಲ ಓದಿ ವಿದ್ಯಾರ್ಥಿನಿಯನ್ನು ಕರೆದೆ.

ಸಾಮಾನು ಇಡುವ ಸಣ್ಣ ಕೋಣೆಯಲ್ಲಿ ಮಾತಾಡಿದೆವು, ಹೊರಗೆ ಮಕ್ಕಳ ಪ್ರಾಯೋಗಿಕ ತರಗತಿ ನಡೆಯುತ್ತಿತ್ತು. ಪ್ರಬಂಧವನ್ನು ಹಿಂತೆಗೆದುಕೊಳ್ಳಬೇಕೆಂದಿದ್ದೇನೆ, ನೀನು ಏನು ಹೇಳುತ್ತೀ ಎಂದು ಕೇಳಿದೆ. ಅವಳು ಕಪಾಟಿನ ಬಾಟಲಿಗಳ ಕಡೆ ನೋಡುತ್ತಿದ್ದಳು. ಮೊದಲು ಹೇಳಿದ್ದು ಬೇರೆ ದಾರಿಯ ಬಗ್ಗೆ: ಕಬ್ಬಿಣ ಹೀಗೆ ಬರುತ್ತದೆ ಎಂಬುದನ್ನೇ ಹೊಸ ಪ್ರಬಂಧವಾಗಿ ಬರೆಯಬಹುದಲ್ಲ ಎಂದು. ಬರೆಯಬಹುದು, ಆದರೆ ಕಬ್ಬಿಣದ ಸೋಂಕಿನ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ಅದು ಪ್ರಕಟವಾಗುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಇದು ಅವಳಿಗೂ ಗೊತ್ತಿತ್ತು. ಆಮೇಲೆ ಕೇಳಿದಳು:

"ನಾನ್ ಬ್ಯಾಡ ಅಂದ್ರೆ ನೀವ್ ಕಳ್ಸುದಿಲ್ಯಾ?"

"ಕಳಿಸ್ತೆ" ಎಂದೆ.

"ಹಾಂಗಾರೆ ನನ್ ಹತ್ರ ಎಂತಕ್ಕೆ ಕೇಂಬುದ್?"

ಆ ಪ್ರಶ್ನೆಗಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಅದರ ಹಿಂದಿನ ನನ್ನ ಮಾತು. ಕಳಿಸ್ತೆ ಎಂದು ನಾನು ತಕ್ಷಣ ಹೇಳಿದೆನೇ, ತಡೆದು ಹೇಳಿದೆನೇ? ತಡೆದಿದ್ದರೆ ಆ ತಡೆಯಲ್ಲಿ ಅವಳು ಏನನ್ನು ಆಶಿಸಿದಳು? ಕೆಲವು ಸಲ ನನ್ನ ನೆನಪಿನಲ್ಲಿ ಹೊರಗಿನಿಂದ ಒಂದು ಗಾಜು ಬಿದ್ದು ಒಡೆದ ಸದ್ದು ಕೇಳಿ ಇಬ್ಬರೂ ಬಾಗಿಲ ಕಡೆ ತಿರುಗುತ್ತೇವೆ, ಆಮೇಲೆ ನಾನು ಹೇಳುತ್ತೇನೆ. ಗಾಜು ಒಡೆದದ್ದು ಆ ದಿನವೋ ಬೇರೆ ದಿನವೋ ಗೊತ್ತಿಲ್ಲ.

ಅವಳು ಕೆಲಸ ಬಿಟ್ಟು ಎದ್ದು ಹೋಗಲಿಲ್ಲ. ಗಾಜು ಮಾಡುವವರಿಂದ ಬಂದ ಹೊಸ ಸೆಲ್ಲಿನಲ್ಲಿ ಎಲ್ಲ ಮಾದರಿಗಳನ್ನೂ ಇನ್ನೊಮ್ಮೆ ಅಳೆದಳು. ಒಂದೂ ಬಿಡಲಿಲ್ಲ. ಯಾವುದಕ್ಕೂ ಬಾರದ ಅಳತೆಗಳು ಎಂದು ಗೊತ್ತಿದ್ದೂ ಕ್ಷಾರವನ್ನು ಮೊದಲಿನಷ್ಟೇ ಶ್ರದ್ಧೆಯಿಂದ ಶುದ್ಧಮಾಡಿದಳು, ಮುಗಿದ ಮೇಲಿನ ಕ್ಷಾರವನ್ನೂ ತೆಗೆದಿಟ್ಟಳು. ಎಲ್ಲ ರೇಖೆಗಳೂ ಒಂದರ ಮೇಲೊಂದು ಬಿದ್ದವು. ಆ ಚಿತ್ರವನ್ನು ನನ್ನ ಮೇಜಿನ ಮೇಲೆ ಇಟ್ಟು, ನಾಳೆ ಬತ್ತಿಲ್ಲೆ ಮೇಡಂ ಎಂದಳು. ಜ್ವರವೇ ಎಂದು ಕೇಳಿದೆ. ಅಲ್ಲ ಎಂದಳು. ನಾಳಿದ್ದು ಬರಲಿಲ್ಲ, ಆಮೇಲೆಯೂ ಬರಲಿಲ್ಲ. ಬೇಸಗೆಯಲ್ಲಿ ನೋಂದಣಿ ತಾನಾಗಿಯೇ ರದ್ದಾಯಿತು. ಬೈಂದೂರಿನ ಒಂದು ಪಿಯು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿದ್ದಾಳೆಂದು ಮುಖ್ಯಸ್ಥರಿಂದ ತಿಳಿಯಿತು. ನಿಮ್ಮ ಸತ್ಯ ಈಗ ಸುಖವಾಗಿದೆಯೇ ಎಂದು ಅವರು ಕೇಳಬಹುದಿತ್ತು. ಕೇಳಲಿಲ್ಲ, ಅದಕ್ಕೆ ನಾನು ಕೃತಜ್ಞಳು.

ಹಿಂತೆಗೆಯುವ ವಿನಂತಿಯನ್ನು ನಾನು ಆಗಲೇ ಕಳಿಸಿದ್ದೆ. ಪತ್ರಿಕೆಯವರು ತಮ್ಮಲ್ಲಿ ವಿಚಾರಿಸಿಕೊಂಡು ತಿಂಗಳುಗಳ ನಂತರ ಉತ್ತರಿಸಿದರು. ಹೇಳಿಕೆಯ ಕರಡಿಗೆ ಇಬ್ಬರು ಲೇಖಕರೂ ಸಹಿ ಮಾಡಬೇಕು. ಒಬ್ಬರ ಸಹಿ ಇಲ್ಲದಿದ್ದರೆ ಅವರು ಇದಕ್ಕೆ ಒಪ್ಪಿಲ್ಲ ಎಂಬ ವಾಕ್ಯವನ್ನೂ ಜೊತೆಗೆ ಪ್ರಕಟಿಸಲಾಗುವುದು. ಅವಳಿಗೆ ಕಳಿಸಿದ ಇ-ಮೇಲ್‌ಗಳಿಗೆ ಉತ್ತರ ಬರಲಿಲ್ಲ. ಅಂಥ ವಾಕ್ಯ ಅವಳ ಹೆಸರಿನ ಮುಂದೆ ಶಾಶ್ವತವಾಗಿ ಉಳಿಯುವುದು ನನಗೆ ಬೇಡವಾಗಿತ್ತು. ಕರಡನ್ನು ಮುದ್ರಿಸಿಕೊಂಡು ಒಂದು ಶನಿವಾರ ಬೈಂದೂರಿಗೆ ಹೋದೆ.

ಅವಳು ಪ್ರಯೋಗಾಲಯದಲ್ಲಿದ್ದಳು. ಮಕ್ಕಳು ಮೇಜುಗಳ ಬಳಿ ಸಾಲಾಗಿ ನಿಂತು ಲವಣ ಪರೀಕ್ಷೆ ಮಾಡುತ್ತಿದ್ದರು. ನನ್ನನ್ನು ಕಂಡು ಬಾಗಿಲಿಗೆ ಬಂದಳು, ಊಟ ಆಯ್ತಾ ಮೇಡಂ ಎಂದು ಕೇಳಿದಳು, ಯಾರನ್ನೋ ಕಳಿಸಿ ಕುರ್ಚಿ ತರಿಸಿದಳು. ಸ್ವಲ್ಪ ದಪ್ಪಗಾಗಿದ್ದಾಳೆ ಎನ್ನಿಸಿತು, ಅಥವಾ ಸೀರೆ ಉಟ್ಟದ್ದಕ್ಕೆ ಹಾಗೆ ಕಂಡಿರಬೇಕು. ಹೊಸದಾಗಿ ನೋಂದಣಿ ಮಾಡಿಸಬಹುದು, ಬೇರೆ ವಿಷಯ ತೆಗೆದುಕೊಳ್ಳೋಣ, ನಾನೇ ಎಲ್ಲ ನೋಡಿಕೊಳ್ಳುತ್ತೇನೆ ಎಂದು ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದಿದ್ದ ಮಾತನ್ನು ಹೇಳಿದೆ. ಅವಳು ಕೊನೆಯವರೆಗೂ ಕೇಳಿದಳು.

"ಇಲ್ಲೇ ಲಾಯ್ಕಿತ್ತ್ ಮೇಡಂ. ಮಕ್ಕಳ್ ಮಾಡು ಪ್ರಯೋಗದ್ ಉತ್ರ ನಂಗೆ ಮೊದ್ಲೇ ಗೊತ್ತಿರತ್ತ್. ಈಗ ನಂಗೆ ಅಷ್ಟೇ ಸಾಕ್."

ಆಮೇಲೆ ಬಂದ ಕೆಲಸ ಹೇಳಿದೆ. ಸಹಿ ಹಾಕದಿದ್ದರೆ ಏನಾಗುತ್ತದೆ ಎಂಬುದನ್ನೂ ಹೇಳಿದೆ. ಅವಳು ಕಾಗದ ತೆಗೆದುಕೊಂಡು ಕಿಟಕಿಯ ಕಟ್ಟೆಯ ಮೇಲೆ ಇಟ್ಟು, ಕೊನೆಯ ಪುಟ ತಿರುಗಿಸಿ, ಗೆರೆ ಎಲ್ಲಿದೆ ಎಂದು ಕೇಳಿದಳು. ಮೊದಲು ಓದು ಎಂದೆ. ತೊಳೆಯುವ ವಿಧಾನದ ಬಗ್ಗೆ ಬರೆದಲ್ಲಿ ಯಾರು ತೊಳೆದರು ಎಂದು ನಾನು ಹೇಳಿಲ್ಲ, ನಾವು ಎಂದೇ ಬರೆದಿದ್ದೇನೆ, ಅದು ಸರಿಯೋ ಎಂದು ನೀನೇ ನೋಡಬೇಕು ಎಂದೆ.

"ಓದಿರೆ ಸೈನ್ ಹಾಕುಕೆ ಆತಿಲ್ಲೆ ಮೇಡಂ."

ಸಿಟ್ಟಿನಿಂದ ಹೇಳಿದ್ದಲ್ಲ. ಬಸ್ಸಿನ ಸಮಯ ಹೇಳುವ ಹಾಗೆ ಹೇಳಿದಳು. ಸಹಿ ಹಾಕಿ, ಶಾಯಿ ಆರಲೆಂದು ಒಂದು ಕ್ಷಣ ಗಾಳಿಗೆ ಹಿಡಿದು, ನನ್ನ ಕೈಗೆ ಕೊಟ್ಟಳು. ಒಳಗಿನಿಂದ ಯಾವುದೋ ಹುಡುಗಿ ಮ್ಯಾಮ್ ಎಂದು ಕರೆದಳು. ಬತ್ತೆ ಎಂದು ನನಗೆ ಹೇಳಿದಳೋ ಆ ಹುಡುಗಿಗೆ ಹೇಳಿದಳೋ, ಒಳಗೆ ಹೋದಳು.

ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕಾಗದ ಬಿಡಿಸಿ ಮೊದಲಿನಿಂದ ಓದಿದೆ. ಎಲ್ಲಾದರೂ ಒಂದು ತಪ್ಪು ಸಿಕ್ಕಿದರೆ, ಒಂದು ಅಂಕಿಯೋ ಒಂದು ಹೆಸರೋ ತಪ್ಪಾಗಿದ್ದರೆ, ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಕ್ಕೆ ಹೋಗಬಹುದು, ಇದನ್ನು ತಿದ್ದಬೇಕು, ಇನ್ನೊಮ್ಮೆ ಬರುತ್ತೇನೆ ಎನ್ನಬಹುದು ಎಂದುಕೊಂಡು ನಿಧಾನವಾಗಿ ಓದಿದೆ. ತಪ್ಪು ಇರಲಿಲ್ಲ. ಸೋಮವಾರ ಕಳಿಸಿದೆ.